ಪಂಪು ಹೊರದೆ ಬಂದ ಕೀಟ ನಿಯಂತ್ರಣದವರು: ನಮ್ಮ ಶಾಲೆ ಮೈದಾನದಲ್ಲಿ ಒಂದು ವರ್ಷ

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಇನ್ನೊಂದನ್ನು ಯಾಕೆ ಹಿಡಿದಿಟ್ಟುಕೊಂಡೆ ಅನ್ನುವುದು ಕೊನೆಯಲ್ಲಿದೆ. ಬರಹ ಸ್ವಲ್ಪ ಉದ್ದ ಆಯಿತು. ಶಾಲೆಗೆ ಇಂಥ ಸೇವೆ ಹುಡುಕುತ್ತಿರುವವರು ಓದುತ್ತಾರೆ ಅಂತ ವಿವರವಾಗಿಯೇ ಬರೆದಿದ್ದೇನೆ.

ನಾನು ದೈಹಿಕ ಶಿಕ್ಷಣದ ಟೀಚರ್. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಉಳಿದವರು ನೆರಳಲ್ಲಿ ಪಾಠ ಮಾಡುವಾಗ ನಾನು ಬೆಳಗಿನಿಂದ ಸಂಜೆವರೆಗೆ ಮೈದಾನದಲ್ಲೇ ಇರುತ್ತೇನೆ. ಅದಕ್ಕೇ ಇರಬೇಕು, ಹೊರಗಿನ ಹುಳಹುಪ್ಪಟೆಯ ಉಸ್ತುವಾರಿಯೂ ನನ್ನ ತಲೆಗೇ ಬಂತು. ಕಡಜ ಕಚ್ಚಲಿ, ಇರುವೆ ಹತ್ತಲಿ, ಹೆಗ್ಗಣ ಕಾಣಿಸಲಿ, ಎಲ್ಲದಕ್ಕೂ ಒಂದೇ ಉತ್ತರ: "ಪಿ.ಟಿ. ಮಿಸ್‌ಗೆ ಹೇಳಿ."

ಇವರಿಗಿಂತ ಮುಂಚೆ ಬೇರೆಯವರು ಬರುತ್ತಿದ್ದರು. ತಿಂಗಳಿಗೊಮ್ಮೆ ಒಬ್ಬ ಬೆನ್ನಿಗೆ ಪಂಪು ಹಾಕಿಕೊಂಡು ಬರುತ್ತಿದ್ದ. ಕಾಂಪೌಂಡ್ ಸುತ್ತ ಒಂದು ಸುತ್ತು ಹೊಡೆದು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಅರ್ಧ ಗಂಟೆ ಕೆಲಸ. ಏನು ಹೊಡೀತಿದ್ದೀಯಪ್ಪ ಅಂತ ಕೇಳಿದರೆ "ಒಳ್ಳೆ ಔಷಧಿ ಮೇಡಂ" ಅನ್ನುತ್ತಿದ್ದ. ಬಾಟಲಿ ಮೇಲೆ ಚೀಟಿ ಇರಲಿಲ್ಲ. ನಮ್ಮ ಮಾತಿನಲ್ಲೇ ಇದೊಂದು ತಮಾಷೆ ನೋಡಿ. ಹುಳ ಸಾಯಿಸುವ ವಿಷಕ್ಕೆ ನಾವು ಔಷಧಿ ಅಂತೀವಿ. ಹಾಗಂದ ಮೇಲೆ ಜಾಸ್ತಿ ಹೊಡೆದರೆ ಜಾಸ್ತಿ ಒಳ್ಳೆಯದು ಅಂತ ಅನ್ನಿಸುವುದು ಸಹಜವೇ ಅಲ್ವಾ?

ಒಂದು ಸಲ ಸೊಳ್ಳೆ ಜಾಸ್ತಿ ಆಯಿತು ಅಂತ ಹೊಗೆ ಮಷೀನು ತಂದರು. ಬೆಳಗಿನ ಪ್ರಾರ್ಥನೆಗೆ ಇನ್ನು ಇಪ್ಪತ್ತು ನಿಮಿಷ ಇತ್ತು. ಮೈದಾನ ಪೂರ್ತಿ ಬೆಳ್ಳಗಾಯಿತು. ಚಿಕ್ಕ ತರಗತಿ ಮಕ್ಕಳು ಆ ಹೊಗೆಯಲ್ಲೇ ಓಡಾಡಿ ಆಟ ಆಡಿದರು. ಮೋಡದೊಳಗೆ ಹೋದ ಹಾಗೆ ಖುಷಿ ಅವರಿಗೆ. ಆಮೇಲೆ ಅರ್ಧ ಸಾಲು ಕೆಮ್ಮುತ್ತಾ ನಿಂತಿತ್ತು. ಮೂರನೇ ದಿನಕ್ಕೆ ಸೊಳ್ಳೆ ವಾಪಸ್. ಹೊಗೆ ತಾಗಿದ, ಹಾರಾಡುತ್ತಿದ್ದ ಸೊಳ್ಳೆ ಮಾತ್ರ ಸತ್ತಿತ್ತು. ನೀರಲ್ಲಿದ್ದ ಮರಿಗಳಿಗೆ ಏನೂ ಆಗಿರಲಿಲ್ಲ. ಇದು ಆಗ ನನಗೂ ಗೊತ್ತಿರಲಿಲ್ಲ.

ಅವರನ್ನು ಬಿಡಿಸಿದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಎರಡನೇ ತರಗತಿ ಹುಡುಗಿಯೊಬ್ಬಳು ಆಟದ ಪೀರಿಯಡ್‌ನಲ್ಲಿ ನನ್ನ ಹತ್ತಿರ ಬಂದು ಅಂಗೈ ಬಿಚ್ಚಿದಳು. ಒಳಗೆ ನೀಲಿ ಬಣ್ಣದ ಒಂದು ತುಂಡು. ಚೌಕಾಕಾರ, ಅಂಚೆಲ್ಲ ಸವೆದಿತ್ತು. "ಮಿಸ್, ಇದು ಬಣ್ಣದ ಚಾಕಾ? ನೆಲದ ಮೇಲೆ ಬರೆದರೆ ಬರ್ತಾ ಇಲ್ಲ" ಅಂದಳು. ಇಲಿ ಪಾಷಾಣದ ಬಿಲ್ಲೆ ಅದು. ಸಾಮಾನು ಕೋಣೆ ಹಿಂದೆ ಸುಮ್ನೆ ಎಸೆದು ಹೋಗಿದ್ದರು. ಹೆಗ್ಗಣವೇ ಎಳೆದು ಹೊರಗೆ ಬಿಟ್ಟಿತ್ತೋ ಏನೋ.

ಅವಳ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆಸಿದೆ. ಬಾಯಿಗೆ ಹಾಕಿಕೊಂಡೆಯಾ ಅಂತ ಹತ್ತು ಸಲ ಕೇಳಿದೆ. ಇಲ್ಲ ಅಂದಳು. ಆದರೂ ವೈದ್ಯರಿಗೆ ತೋರಿಸಿದೆವು. ಇಂಥ ಬಿಲ್ಲೆಗಳಲ್ಲಿ ಹೆಚ್ಚಾಗಿ ಇರುವುದು ಬ್ರೋಮಾಡಿಯೋಲೋನ್ ಥರದ ವಿಷ, ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ ಅಂತ ಅವರು ವಿವರಿಸಿದರು. ತಿಂದ ಕೂಡಲೇ ಏನೂ ಗೊತ್ತಾಗುವುದಿಲ್ಲ. ದಿನಗಳು ಕಳೆದ ಮೇಲೆ ರಕ್ತಸ್ರಾವ ಶುರುವಾಗುತ್ತದೆ. ಅದಕ್ಕೆ ಮದ್ದು ವಿಟಮಿನ್ ಕೆ1. ಪುಣ್ಯಕ್ಕೆ ನಮಗೆ ಅದು ಬೇಕಾಗಲಿಲ್ಲ. ಆ ಬಿಲ್ಲೆ ಮಾತ್ರ ಇವತ್ತಿಗೂ ಕಣ್ಣ ಮುಂದೆ ಇದೆ. ಒಂದು ಮೂಲೆಯಲ್ಲಿ ಹಲ್ಲಿನ ಗುರುತಿತ್ತು. ಇಲಿಯದ್ದು.

ಆ ವಾರವೇ ಹೊಸಬರನ್ನು ಹುಡುಕಲು ಹೊರಟೆ. ಮೂರು ಕಡೆ ಫೋನ್ ಮಾಡಿದೆ. ಇಬ್ಬರು ಮೊದಲು ಕೇಳಿದ್ದು "ಜಾಗ ಎಷ್ಟಿದೆ?" ಮೂರನೆಯವರು, ಅಂದರೆ ಈಗ ನಾನು ಬರೆಯುತ್ತಿರುವ ಸೇವೆಯವರು ಕೇಳಿದ್ದು: "ಮಕ್ಕಳು ಎಲ್ಲಿ ಕೂತು ಊಟ ಮಾಡ್ತಾರೆ? ಕಸದ ಡಬ್ಬ ಎಷ್ಟು ಹೊತ್ತಿಗೆ ಖಾಲಿ ಮಾಡ್ತೀರಾ?" ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗಿ ಕೇಳಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಖಾಲಿ ಮಾಡುತ್ತಿದ್ದರು. ಅಂದರೆ ಇಡೀ ರಾತ್ರಿ ಇಲಿಗಳಿಗೆ ಊಟ ಬಡಿಸಿಟ್ಟ ಹಾಗೆ.

ಮೊದಲ ಭೇಟಿಗೆ ಬಂದವರ ಬೆನ್ನ ಮೇಲೆ ಪಂಪು ಇರಲಿಲ್ಲ. ಕೈಯಲ್ಲಿ ಒಂದು ಟಾರ್ಚು, ಬಣ್ಣ ಕೆರೆಯುವ ಪಟ್ಟಿ, ಸಣ್ಣ ಕನ್ನಡಿ, ಒಂದು ನೋಟ್‌ಬುಕ್. ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಎರಡೂವರೆ ಗಂಟೆ ಸುತ್ತಿದರು. ಅದರಲ್ಲಿ ಅರ್ಧ ಹೊತ್ತು ಮಂಡಿಯೂರಿಯೇ ಇದ್ದರು. ಬಾಗಿಲ ಕೆಳಗಿನ ಸಂದಿಗೆ ಒಂದು ಪೆನ್ಸಿಲ್ ತೂರಿಸಿ ನೋಡಿದರು. "ಪೆನ್ಸಿಲ್ ಹೋದರೆ ಚಿಕ್ಕ ಇಲಿ ಹೋಗುತ್ತೆ ಮೇಡಂ" ಅಂದರು. 6 ಮಿಲಿಮೀಟರ್ ಸಂದಿ ಸಾಕಂತೆ ಚಿಕ್ಕ ಇಲಿಗೆ. ದೊಡ್ಡದಕ್ಕೆ 12 ಸಾಕು. ನಮ್ಮ ಸಾಮಾನು ಕೋಣೆ ಬಾಗಿಲ ಕೆಳಗೆ ನನ್ನ ಹೆಬ್ಬೆರಳೇ ಹೋಗುತ್ತಿತ್ತು.

ವಾರ ಬಿಟ್ಟು ವರದಿ ಬಂತು. ಏಳು ಪುಟ. ಅದರಲ್ಲಿ ಔಷಧಿ ಹೊಡೆಯುವ ಮಾತು ಒಂದೇ ಒಂದು ಸಾಲು. ಉಳಿದದ್ದೆಲ್ಲ ನಮಗೇ ಕೆಲಸ. ಕಸದ ಡಬ್ಬಕ್ಕೆ ಮುಚ್ಚಳ ಹಾಕಿ. ಡಬ್ಬಗಳನ್ನು ಆಟದ ಜಾಗದಿಂದ ದೂರ ಇಡಿ. ಸಂಜೆಯೇ ಖಾಲಿ ಮಾಡಿ. ಗೋಡೆಗೆ ಒರಗಿ ಬೆಳೆದ ಪೊದೆ ಕತ್ತರಿಸಿ, ಗೋಡೆ ಬುಡದಲ್ಲಿ ಒಂದು ಪಟ್ಟಿ ಖಾಲಿ ಬಿಟ್ಟು ಜಲ್ಲಿ ಹಾಕಿ. ಮರದ ಬೆಂಚುಗಳ ಕಾಲು ನೇರ ಮಣ್ಣಿಗೆ ತಾಗದ ಹಾಗೆ ಕೆಳಗೆ ಕಲ್ಲು ಕೊಡಿ, ಗೆದ್ದಲು ಹತ್ತುತ್ತಿದೆ. ಹುಲ್ಲು ಗಿಡ್ಡ ಮಾಡಿ, ಉಣ್ಣೆ ಹುಳ ಕಡಿಮೆಯಾಗುತ್ತದೆ.

ಹೆಡ್‌ಮಿಸ್ ಓದಿ ಕನ್ನಡಕ ತೆಗೆದರು. "ದುಡ್ಡೂ ನಾವೇ ಕೊಟ್ಟು, ಕೆಲಸಾನೂ ನಾವೇ ಮಾಡಬೇಕಾ?" ಅಂತ ಕೇಳಿದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು.

ಅದೇ ವರದಿಯ ಕೊನೆ ಪುಟದಲ್ಲಿ ಒಂದು ಪಟ್ಟಿ ಇತ್ತು. ನನಗೆ ಇವರ ಮೇಲೆ ನಂಬಿಕೆ ಬಂದದ್ದು ಅಲ್ಲಿಂದ. ಯಾವ ಹುಳ, ಎಲ್ಲಿ, ಎಷ್ಟು ಕಂಡರೆ ಏನು ಮಾಡಬೇಕು ಅಂತ ಮೊದಲೇ ಬರೆದಿದ್ದರು. ಮೈದಾನದ ಆಚೆ ಮೂಲೆಯಲ್ಲಿ ಇರುವೆ ಗೂಡು: ಹಾಗೇ ಬಿಡಿ. ಲಾಂಗ್ ಜಂಪ್ ಮರಳಲ್ಲಿ ಇರುವೆ ಗೂಡು: ಒಂದಿದ್ದರೂ ಕರೆಯಿರಿ. ಮರದ ತುದಿಯಲ್ಲಿ ಕಡಜದ ಗೂಡು: ಬಿಡಿ. ಮಕ್ಕಳ ಕೈಗೆ, ತಲೆಗೆ ಸಿಗುವ ಕಡೆ: ಅದೇ ದಿನ ಕರೆಯಿರಿ. ಹುಳ ಕಂಡ ಕೂಡಲೇ ಹೊಡೆಯುವುದಿಲ್ಲ, ತಿಂಗಳು ತುಂಬಿತು ಅಂತಲೂ ಹೊಡೆಯುವುದಿಲ್ಲ. ಇಷ್ಟರವರೆಗೆ ಸಹಿಸಬಹುದು ಅಂತ ಒಂದು ಗೆರೆ. ಆಮೇಲೆ ಓದಿ ತಿಳಿದುಕೊಂಡೆ, ಈ ಗೆರೆಯ ಯೋಚನೆ ಹೊಲದಿಂದ ಬಂದದ್ದು. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟ ವಿಜ್ಞಾನಿಗಳು ಇದನ್ನು ಬೆಳೆಗಳಿಗೆ ಅಂತ ಬರೆದಿಟ್ಟರು. ಈಗ ಇದಕ್ಕೆ ಸಮಗ್ರ ಕೀಟ ನಿರ್ವಹಣೆ ಅನ್ನುತ್ತಾರೆ. ಹೆಸರು ಭಾರ ಆಯಿತು. ನಮ್ಮ ಆಯಾ ಇದಕ್ಕೆ "ನೋಡಿಕೊಂಡು ಹೊಡೆಯೋದು" ಅಂತಾರೆ, ಅದೇ ಚೆನ್ನಾಗಿದೆ.

ಈಗ ಸೊಳ್ಳೆ ವಿಷಯ. ನಮ್ಮ ಆಟದ ಜಾಗದಲ್ಲಿ ಹಳೆ ಟೈರುಗಳಿವೆ. ಅರ್ಧ ಹೂತು, ಬಣ್ಣ ಬಳಿದು, ಮಕ್ಕಳು ಹತ್ತಿ ಜಿಗಿಯಲು ಅಂತ ಹಾಕಿಸಿದ್ದು. ಹಾಕಿಸಿದ್ದು ನಾನೇ. ತುಂಬಾ ಹೆಮ್ಮೆ ಇತ್ತು ಅದರ ಮೇಲೆ. ಆ ಮನುಷ್ಯ ಒಂದು ಮಲಗಿಸಿದ ಟೈರಿನ ಒಳಕ್ಕೆ ಬಿಳಿ ಲೋಟ ಅದ್ದಿ ನೀರು ತೆಗೆದರು. ನನ್ನ ಕೈಗೆ ಕೊಟ್ಟು ಬೆಳಕಿಗೆ ಹಿಡಿಯಿರಿ ಅಂದರು. ಮೊದಲು ಕಸ ಅನ್ನಿಸಿತು. ಆಮೇಲೆ ಕಸ ಅಲ್ಲಾಡಿತು. ಕೂದಲಿನಂಥ ಮರಿಗಳು ತಲೆಕೆಳಗಾಗಿ, ಬಾಲ ಮೇಲಕ್ಕೆ ಕೊಟ್ಟು ನೇತಾಡುತ್ತಿದ್ದವು. ಲೋಟ ಅಲುಗಿದರೆ ಸುರುಳಿ ಸುತ್ತಿ ಕೆಳಗೆ ಹೋಗುತ್ತಿದ್ದವು. ಅವುಗಳ ನಡುವೆ ಅಲ್ಪವಿರಾಮ ಚಿಹ್ನೆಯ ಹಾಗೆ ಬಾಗಿದ ಕೆಲವು ಇದ್ದವು. "ಇವು ಕೋಶ. ಇನ್ನೆರಡು ದಿನದಲ್ಲಿ ಸೊಳ್ಳೆ" ಅಂದರು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಲು 7ರಿಂದ 10 ದಿನ ಸಾಕಂತೆ. ಅಂದರೆ ನಾನು ಮಕ್ಕಳಿಗೆ ಆಟದ ಜಾಗ ಮಾಡಿದ್ದೇನೆ ಅಂದುಕೊಂಡು ಸೊಳ್ಳೆಗೆ ಹೆರಿಗೆ ಆಸ್ಪತ್ರೆ ಕಟ್ಟಿಸಿದ್ದೆ.

ಹಗಲಲ್ಲಿ ಕಚ್ಚುವ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಟೈರು ಅಂದರೆ ತುಂಬಾ ಇಷ್ಟ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ ಮೊಟ್ಟೆ ಇಡುತ್ತದೆ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಕೆಲಸ ಮುಗಿಯಲಿಲ್ಲ, ಒಳಗೆ ಬ್ರಷ್ ಹಾಕಿ ಉಜ್ಜಬೇಕು. ಉಜ್ಜಿದೆವು. ಆಮೇಲೆ ಪ್ರತಿ ಟೈರಿಗೂ ತಳದಲ್ಲಿ ಡ್ರಿಲ್ ಹಾಕಿ ತೂತು ಕೊರೆಸಿದೆವು. ಪೂರ್ತಿ ಒಂದು ಶನಿವಾರ ಹೋಯಿತು. ರಬ್ಬರು ಸುಟ್ಟ ವಾಸನೆ ಸೋಮವಾರದವರೆಗೂ ಇತ್ತು.

ತೂತು ಕೊರೆಯಲಾಗದ ಜಾಗ ಅಂದರೆ ಚರಂಡಿ. ಅಲ್ಲಿ ಮಾತ್ರ ಅವರು ಏನನ್ನಾದರೂ ಹಾಕಿದರು. ಬಿ.ಟಿ.ಐ. ಅಂತ, ಒಂದು ಬ್ಯಾಕ್ಟೀರಿಯಾದಿಂದ ಮಾಡಿದ ಹರಳು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ಇದು. ಸೊಳ್ಳೆ ಮರಿ ಇದನ್ನು ತಿಂದರೆ ಅದರ ಹೊಟ್ಟೆಯ ಕ್ಷಾರದಲ್ಲಿ ಹರಳು ಕರಗಿ ವಿಷವಾಗುತ್ತದೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ. ಅದಕ್ಕೆ ಅದು ಅಲ್ಲಿ ಹಾಗೆ ಕೆಲಸ ಮಾಡುವುದಿಲ್ಲ. ಆದರೆ ಕೋಶ ಆದಮೇಲೆ ಹಾಕಿದರೆ ದಂಡ. ಕೋಶ ಏನನ್ನೂ ತಿನ್ನುವುದಿಲ್ಲ. ಅದಕ್ಕೇ ಇವರು ಹೊತ್ತು ನೋಡಿ, ಲೋಟದಲ್ಲಿ ಮರಿ ಎಷ್ಟು, ಕೋಶ ಎಷ್ಟು ಅಂತ ಎಣಿಸಿ ಹಾಕುತ್ತಾರೆ. ಈ ಎಣಿಕೆಯನ್ನು ಈಗ ಏಳನೇ ತರಗತಿಯವರು ಮಾಡುತ್ತಾರೆ. ವಿಜ್ಞಾನದ ಟೀಚರ್‌ಗೆ ಒಂದು ಪಾಠ ಕಡಿಮೆಯಾಯಿತು.

ಹೆಗ್ಗಣದ ಕಥೆ ಮಕ್ಕಳಿಗೆ ಇನ್ನೂ ಇಷ್ಟ. ಕಾಂಪೌಂಡ್ ಬುಡದಲ್ಲಿ ಬಿಲಗಳಿದ್ದವು. ಹನ್ನೊಂದು. ಯಾವುದರಲ್ಲಿ ವಾಸ ಇದೆ, ಯಾವುದು ಖಾಲಿ? ಅದಕ್ಕೆ ಅವರು ಹಳೆ ಪೇಪರ್ ಇದೆಯಾ ಅಂತ ಕೇಳಿದರು. ಹಳೆ ಉತ್ತರ ಪತ್ರಿಕೆ ಕೊಟ್ಟೆ. ಉಂಡೆ ಕಟ್ಟಿ ಪ್ರತಿ ಬಿಲದ ಬಾಯಿಗೆ ತುರುಕಿದರು. ಮರುದಿನ ಬೆಳಿಗ್ಗೆ ನಾಲ್ಕು ಉಂಡೆ ಹೊರಗೆ ಬಿದ್ದಿದ್ದವು. ಒಂದು ಪೂರ್ತಿ ಚಿಂದಿಯಾಗಿತ್ತು. "ಮಿಸ್, ನನ್ನ ಗಣಿತ ಪೇಪರ್ ಅದಕ್ಕೂ ಇಷ್ಟ ಆಗಲಿಲ್ಲ" ಅಂತ ಒಬ್ಬ ಹುಡುಗ. ಖಾಲಿ ಇದ್ದ ಏಳನ್ನು ಆವತ್ತೇ ಮುಚ್ಚಿದೆವು.

ಉಳಿದ ನಾಲ್ಕಕ್ಕೆ ವಿಷ ಇಡಲಿಲ್ಲ. ಬೀಗ ಇರುವ ಗಟ್ಟಿ ಪೆಟ್ಟಿಗೆಯೊಳಗೆ ಬೋನು ಇಟ್ಟರು. ಪೆಟ್ಟಿಗೆಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ, ಮೇಲೆ ಚೀಟಿ ಅಂಟಿಸಿದರು. ಮಗುವಿನ ಕೈ ಒಳಗೆ ಹೋಗುವುದಿಲ್ಲ. ಹೋಗುತ್ತದಾ ಅಂತ ನಾನೇ ಒಂದನೇ ತರಗತಿಯ ಅತಿ ಚಿಕ್ಕ ಕೈಯ ಅಳತೆ ತೆಗೆದು ನೋಡಿದೆ. ನಗಬೇಡಿ, ನೀಲಿ ಬಿಲ್ಲೆ ನೋಡಿದವರು ಇಷ್ಟು ಮಾಡೇ ಮಾಡುತ್ತಾರೆ. ಯಾಕೆ ವಿಷ ಬೇಡ ಅಂದದ್ದಕ್ಕೆ ಅವರು ಇನ್ನೊಂದು ಕಾರಣವನ್ನೂ ಕೊಟ್ಟರು. ವಿಷ ತಿಂದ ಇಲಿ ಸಾಯುವ ಮುಂಚೆ ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅದನ್ನು ಹಿಡಿದು ತಿಂದ ಗೂಬೆ, ಬೆಕ್ಕಿನ ಮೈಗೂ ವಿಷ ಸೇರುತ್ತದೆ. ಪುಕ್ಕಟೆಯಾಗಿ ಇಲಿ ಹಿಡಿಯುವವರನ್ನು ನಾವೇ ಕೊಂದ ಹಾಗೆ.

ಗೋಡೆಯ ಸಂದಿಗಳಿಗೆ ಮೊದಲು ಉಕ್ಕಿನ ನಾರು ತುಂಬಿ, ಆಮೇಲೆ ಸಿಮೆಂಟು ಬಳಿದರು. ಬರೀ ಫೋಮ್ ಹಾಕಿದರೆ ಕಡಿದುಬಿಡುತ್ತವೆ. ಇಲಿಯ ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ಏನಾದರೂ ಕಡಿಯುತ್ತಿರಲೇಬೇಕು. ಮೂರು ತಿಂಗಳ ನಂತರ ಮತ್ತೆ ಪೇಪರ್ ಪರೀಕ್ಷೆ ಮಾಡಿದಾಗ ಒಂದು ಉಂಡೆ ಮಾತ್ರ ಹೊರಗೆ ಬಂದಿತ್ತು. ನನ್ನ ಲೆಕ್ಕದಲ್ಲಿ ಇದರ ಅರ್ಧ ಪುಣ್ಯ ಕಸದ ಡಬ್ಬದ ಮುಚ್ಚಳಕ್ಕೆ ಸೇರಬೇಕು.

ಲಾಂಗ್ ಜಂಪ್ ಮರಳಿನ ಇರುವೆಗೆ ಮುಚ್ಚಿದ ಡಬ್ಬಿಯಲ್ಲಿ ಸಿಹಿ ಬೆರೆಸಿದ ಬೋರಿಕ್ ಆಮ್ಲ ಇಟ್ಟರು. ನಿಧಾನ ಕೆಲಸ. ಕೆಲಸಗಾರ ಇರುವೆ ಅದನ್ನು ಹೊತ್ತು ಗೂಡಿಗೆ ಒಯ್ದು ರಾಣಿಗೆ ತಿನ್ನಿಸಬೇಕು. ಕೂಡಲೇ ಸತ್ತರೆ ರಾಣಿವರೆಗೆ ತಲುಪುವುದೇ ಇಲ್ಲ. ಎರಡು ವಾರ ಲಾಂಗ್ ಜಂಪ್ ನಿಲ್ಲಿಸಿದೆ. ಮಕ್ಕಳು ನನ್ನನ್ನು ಬೈದುಕೊಂಡರು. ಈಗ ಸಂಜೆ ಮರಳಿನ ಮೇಲೆ ಟಾರ್ಪಾಲು ಮುಚ್ಚುತ್ತೇವೆ. ಬೆಕ್ಕು ಬಂದು ಹೊಲಸು ಮಾಡುವುದೂ ನಿಂತಿತು.

ಇನ್ನು ಕಡಜ. ಇದರಲ್ಲಿ ಒಂದು ಸಣ್ಣ ಅನಾಹುತ ಆಯಿತು. ಅದರಲ್ಲಿ ತಪ್ಪು ನನ್ನದೂ ಇದೆ.

ಮೊದಲ ವರದಿಯಲ್ಲೇ ಅವರು ಬರೆದಿದ್ದರು: ಗೋಲ್ ಪೋಸ್ಟಿನ ಕೊಳವೆ ಬಾಯಿ ತೆರೆದಿದೆ, ಮುಚ್ಚಳ ಹಾಕಿ. ಉಯ್ಯಾಲೆ ಕಂಬದ್ದೂ ಹಾಗೇ. ನಾನು ಅದನ್ನು ಪಟ್ಟಿಯ ಕೊನೆಗೆ ತಳ್ಳಿದೆ. ಗೋಲ್ ಪೋಸ್ಟಿನ ಬಾಯಿಂದ ಯಾರಿಗೆ ಏನು ತೊಂದರೆ ಅಂದುಕೊಂಡೆ. ಎರಡು ತಿಂಗಳಾಯಿತು. ಒಂದು ದಿನ ಪೆನಾಲ್ಟಿ ಅಭ್ಯಾಸ ಮಾಡಿಸುತ್ತಿದ್ದೆ. ಚೆಂಡು ಕಂಬಕ್ಕೆ ಬಡಿದು ಟಣ್ ಅಂತು. ಅರೆಗಳಿಗೆ ಏನೂ ಆಗಲಿಲ್ಲ. ಆಮೇಲೆ ಕೊಳವೆ ತುದಿಯಿಂದ ಹಳದಿ ಕಂದು ಪಟ್ಟಿಯ ಹುಳ ಒಂದೊಂದಾಗಿ ಹೊರಬಂತು. ಮೊದಲು ಎರಡು, ಆಮೇಲೆ ಎಂಟು ಹತ್ತು. ಗೋಲ್‌ಕೀಪರ್ ಹುಡುಗ ಇನ್ನೂ ಚೆಂಡಿನ ಕಡೆಯೇ ನೋಡುತ್ತಿದ್ದ. ಕುತ್ತಿಗೆಗೆ ಒಂದು, ಕಿವಿ ಹತ್ತಿರ ಇನ್ನೊಂದು ಕಚ್ಚಿತು.

ಎಲ್ಲರನ್ನೂ ಓಡಿಸಿ, ಅವನನ್ನು ನೆರಳಿಗೆ ಕೂರಿಸಿ ಮಂಜುಗಡ್ಡೆ ಒತ್ತಿದೆ. ಅರ್ಧ ಗಂಟೆ ಕಣ್ಣು ಕೀಳದೆ ಅವನ ಮುಖವನ್ನೇ ನೋಡುತ್ತಿದ್ದೆ. ತುಟಿ ಊದುತ್ತಿದೆಯಾ, ಉಸಿರು ಎಳೆಯುತ್ತಿದೆಯಾ, ಮೈಮೇಲೆ ದದ್ದು ಏಳುತ್ತಿದೆಯಾ ಅಂತ. ಅಲರ್ಜಿ ಇರುವ ಮಗುವಿಗೆ ಒಂದೇ ಕಡಿತ ಪ್ರಾಣಕ್ಕೆ ಬರಬಹುದು. ಆಗ ಎಪಿನೆಫ್ರಿನ್ ಚುಚ್ಚುಮದ್ದು ಬೇಕು, ಮಂಜುಗಡ್ಡೆಯಿಂದ ಏನೂ ಆಗುವುದಿಲ್ಲ. ಇವನಿಗೆ ಕಚ್ಚಿದ ಜಾಗ ಮಾತ್ರ ಊದಿತು. ಕಡಜದ ಮುಳ್ಳು ಜೇನಿನ ಹಾಗೆ ಚರ್ಮದಲ್ಲಿ ಉಳಿಯುವುದಿಲ್ಲ. ಅದಕ್ಕೇ ಒಂದೇ ಕಡಜ ಮತ್ತೆ ಮತ್ತೆ ಕಚ್ಚಬಹುದು. ಜೇನು ಕಚ್ಚಿದ್ದರೆ ಮುಳ್ಳನ್ನು ಕೂಡಲೇ ತೆಗೆಯಬೇಕು. ಉಗುರಲ್ಲಿ ಕೆರೆದು ತೆಗೆದರೂ ಸರಿ, ಕಿತ್ತರೂ ಸರಿ, ತಡ ಮಾಡಬಾರದು ಅಷ್ಟೆ.

ಫೋನ್ ಮಾಡಿದೆ. "ಮುಚ್ಚಳ ಹಾಕಿಸಿದ್ರಾ ಮೇಡಂ?" ಅಂತ ಕೇಳಲಿಲ್ಲ ಅವರು. ಅದಕ್ಕೆ ನಾನು ಋಣಿ. ಆದರೆ ಅದೇ ದಿನ ಬರುತ್ತೇವೆ ಅಂತ ಪಟ್ಟಿಯಲ್ಲಿ ಬರೆದುಕೊಟ್ಟವರು ಬಂದದ್ದು ಮೂರನೇ ದಿನ ಸಂಜೆ. ಅಲ್ಲಿವರೆಗೆ ಅರ್ಧ ಮೈದಾನಕ್ಕೆ ಹಗ್ಗ ಕಟ್ಟಿ, ಒಬ್ಬ ಟೀಚರನ್ನು ಕಾವಲು ಹಾಕಬೇಕಾಯಿತು. ಹಿಡಿದಿಟ್ಟ ಸ್ಟಾರಿನ ಅರ್ಧ ಭಾಗ ಇದಕ್ಕೆ.

ಬಂದ ಮೇಲೆ ಕೆಲಸ ಮಾತ್ರ ಅಚ್ಚುಕಟ್ಟು. ಕತ್ತಲಾಗುವವರೆಗೆ ಕಾದರು. ತಂಪಾದಾಗ ಹುಳಗಳೆಲ್ಲ ಗೂಡಲ್ಲಿ ಇರುತ್ತವೆ, ಹಾರುವ ಉಮೇದು ಕಡಿಮೆ. ಕೊಳವೆಯೊಳಕ್ಕೆ ಮಾತ್ರ ಸ್ವಲ್ಪ ಪುಡಿ ಊದಿದರು. ಹೊರಗೆ ಒಂದು ಹನಿಯೂ ಹೊಡೆಯಲಿಲ್ಲ. ಎರಡು ದಿನ ಬಿಟ್ಟು ಗೂಡನ್ನು ತಂತಿಯಲ್ಲಿ ಎಳೆದು ತೆಗೆದರು. ಬೂದು ಕಾಗದದ ಹಾಗಿತ್ತು, ಒಂದು ಸಣ್ಣ ದಂಟಿನಿಂದ ನೇತಾಡುವ ಕೋಣೆಗಳ ಗೊಂಚಲು. ಇದೂ ಕಾಗದವೇ ಅಂತೆ. ಮರದ ನಾರು ಕೆರೆದು, ಜಗಿದು, ಅಂಟಿಸಿ ಮಾಡಿದ್ದು. ಹೂದೋಟದ ಗಿಡ ತಿನ್ನುವ ಕಂಬಳಿಹುಳಗಳನ್ನು ಹಿಡಿದು ಮರಿಗೆ ಉಣಿಸುವುದೂ ಇವೇ. ಮರದ ತುದಿಯ ಗೂಡನ್ನು ಬಿಡಿ ಅಂದದ್ದು ಅದಕ್ಕೆ. ಆ ಗೂಡು ಈಗ ನಮ್ಮ ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿದೆ. ಗೋಲ್‌ಕೀಪರ್ ಅದನ್ನು ದಿನಾ ಒಂದು ಸಲ ಹೋಗಿ ನೋಡಿ ಬರುತ್ತಾನೆ.

ಮರುವಾರವೇ ಎಲ್ಲ ಕೊಳವೆಗೂ ಪ್ಲಾಸ್ಟಿಕ್ ಮುಚ್ಚಳ ಬಿತ್ತು. ಈಗ ಗೂಡು ಕಟ್ಟುವ ಕಾಲ ಶುರುವಾಗುತ್ತಿದ್ದ ಹಾಗೆ ವಾರಕ್ಕೊಮ್ಮೆ ಸೂರಿನ ಅಂಚು, ಬೆಂಚಿನ ಅಡಿ, ನಲ್ಲಿ ಕಟ್ಟೆ ಎಲ್ಲ ನೋಡುತ್ತೇನೆ. ಆಗ ಗೂಡು ಬಟನ್ ಗಾತ್ರ ಇರುತ್ತದೆ. ಒಂದೆರಡೇ ಹುಳ. ಉದ್ದ ಕೋಲಿನಿಂದ ಕೆರೆದರೆ ಆಯಿತು, ಯಾವ ವಿಷವೂ ಬೇಡ.

ಒಂದು ಸಲ ಧ್ವಜಕಂಬದ ಪಕ್ಕದ ಮರಕ್ಕೆ ಜೇನುಹುಳಗಳ ಹಿಂಡು ಬಂದು ಕೂತಿತು. ಗಡ್ಡದ ಹಾಗೆ ನೇತಾಡುತ್ತಿತ್ತು. ಹೆಡ್‌ಮಿಸ್ ಗಾಬರಿಯಾಗಿ "ಏನಾದರೂ ಹೊಡೆಸಿ" ಅಂದರು. ಇವರು ಸಾಫ್ ಬೇಡ ಅಂದರು. ಹೊಸ ಮನೆ ಹುಡುಕುತ್ತಾ ದಾರಿಯಲ್ಲಿ ಸುಧಾರಿಸಿಕೊಳ್ಳುವ ಹಿಂಡು ಅದು, ಕಾಯಲು ಮರಿಯೂ ಇಲ್ಲ, ತುಪ್ಪವೂ ಇಲ್ಲ, ಹಾಗಾಗಿ ಸಿಟ್ಟು ಕಡಿಮೆ, ಕಲ್ಲು ಎಸೆಯದಿದ್ದರೆ ಸಾಕು ಅಂದರು. ಜೇನು ಸಾಕುವವರೊಬ್ಬರ ನಂಬರ್ ಕೊಟ್ಟರು. ಅವರು ಬರುವುದರೊಳಗೆ ಹಿಂಡು ಎದ್ದು ಹೋಗಿತ್ತು. ಕೆಲಸವೇ ಮಾಡದೆ ಕೊಟ್ಟ ಒಳ್ಳೆಯ ಸೇವೆ ಅಂದರೆ ಇದು.

ವಿಷ ಬಳಸಲೇಬೇಕಾದಾಗ ಇವರು ಇಟ್ಟುಕೊಂಡಿರುವ ಕ್ರಮ ನನಗೆ ಹಿಡಿಸಿತು. ವಾರದ ಕೊನೆ ದಿನ, ಮಕ್ಕಳು ಹೋದ ಮೇಲೆ ಮಾತ್ರ. ಮೂರು ದಿನ ಮುಂಚೆ ಪೋಷಕರಿಗೆ ಚೀಟಿ ಹೋಗುತ್ತದೆ: ಯಾವ ಹುಳಕ್ಕೆ, ಯಾವ ರಾಸಾಯನಿಕ, ಎಲ್ಲಿ, ಎಷ್ಟು. ಆ ಜಾಗಕ್ಕೆ ಬೋರ್ಡು. ಕ್ಯಾಲಿಫೋರ್ನಿಯಾದಲ್ಲಿ 2000ದಲ್ಲಿ ಬಂದ ಶಾಲೆಗಳ ಕಾನೂನಿನಲ್ಲೂ ಹೀಗೇ ಇದೆ. ಸಿಂಪಡಿಸುವ 24 ಗಂಟೆ ಮುಂಚೆ ಬೋರ್ಡು ಹಾಕಬೇಕು, ಆಮೇಲೆ 72 ಗಂಟೆ ತೆಗೆಯಬಾರದು. ಇದು ಅತಿ ಆಯಿತು ಅನ್ನುವವರಿಗೆ ನನ್ನದು ಒಂದೇ ಮಾತು. ಮಕ್ಕಳು ನೆಲದ ಮೇಲೆ ಉರುಳುತ್ತಾರೆ, ಅದೇ ಕೈಯನ್ನು ಬಾಯಿಗೆ ಹಾಕುತ್ತಾರೆ. ಅವರ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಒಂದು ಶುಕ್ರವಾರ ಎಲ್ಲ ಸಿದ್ಧ ಮಾಡಿಕೊಂಡು ಬಂದವರು ಒಂದು ಹಿಡಿ ಒಣ ಹುಲ್ಲನ್ನು ಗಾಳಿಗೆ ತೂರಿ ನೋಡಿದರು. ಹುಲ್ಲು ಊಟದ ಕಟ್ಟೆ ಕಡೆ ಹಾರಿತು. ವಾಪಸ್ ಹೋದರು. ಇಡೀ ವರ್ಷದಲ್ಲಿ ಸಿಂಪಡಿಸಿದ್ದು ಎರಡೇ ಸಲ. ಹಿಂದಿನವರು ಹನ್ನೆರಡು ಸಲ ಹೊಡೆಯುತ್ತಿದ್ದರು.

ಇಷ್ಟು ಹೊಗಳಿದ ಮೇಲೆ ಸಿಟ್ಟಿನ ಉಳಿದರ್ಧ. ಎಂಟನೇ ತಿಂಗಳು ಆ ಮನುಷ್ಯನ ಬದಲು ಹೊಸ ಹುಡುಗನನ್ನು ಕಳಿಸಿದರು. ನಮಗೆ ಹೇಳದೆ. ಅವನ ಬೆನ್ನ ಮೇಲೆ ಪಂಪು! "ತಿಂಗಳ ಭೇಟಿ ಮಿಸ್, ಸುತ್ತ ಒಂದು ರೌಂಡ್ ಹೊಡೆದುಬಿಡ್ತೀನಿ" ಅಂದ. ಆಗ ಹನ್ನೊಂದು ಗಂಟೆ, ಮೈದಾನದಲ್ಲಿ ಎರಡು ತರಗತಿ ಆಡುತ್ತಿತ್ತು. ನಮ್ಮ ಪಟ್ಟಿ ನೋಡಿದ್ದೀಯಾ ಅಂತ ಕೇಳಿದೆ. ಯಾವ ಪಟ್ಟಿ ಅಂತ ಕೇಳಿದ. ಗೇಟಿನಿಂದಲೇ ವಾಪಸ್ ಕಳಿಸಿದೆ. ಆಫೀಸಿನವರು ಕ್ಷಮೆ ಕೇಳಿದರು, ಹಳಬರನ್ನೇ ಮತ್ತೆ ಕಳಿಸಿದರು, ಸರಿ. ಆದರೆ ನಾನು ಆವತ್ತು ರಜೆಯಲ್ಲಿದ್ದಿದ್ದರೆ? ಒಬ್ಬ ಒಳ್ಳೆಯ ಕೆಲಸಗಾರನ ಮೇಲೆ ಇಡೀ ಸೇವೆ ನಿಂತಿದೆ ಅಂದರೆ ಅದು ಸೇವೆಯ ದೋಷವೇ.

ಸಣ್ಣ ಗೊಣಗಾಟ ಇನ್ನೂ ಒಂದಿದೆ. ವರದಿಯ ಭಾಷೆ. ಏಳು ಪುಟದಲ್ಲಿ ನಾಲ್ಕು ಪುಟ ನಮ್ಮ ತೋಟದ ಕೆಲಸದವರಿಗೆ ಅರ್ಥವಾಗುವ ಹಾಗಿಲ್ಲ. ಕೆಲಸ ಮಾಡಬೇಕಾದವರು ಅವರೇ ಅಲ್ವಾ? ನಾನು ಕೂತು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಇಳಿಸಿ ನೀರಿನ ಪಂಪು ಮನೆ ಬಾಗಿಲಿಗೆ ಅಂಟಿಸಿದೆ. ಅದನ್ನು ಅವರೇ ಮಾಡಿಕೊಡಬೇಕಿತ್ತು.

ದರ ಹಿಂದಿನವರಿಗಿಂತ ಜಾಸ್ತಿಯೇ. ಮೊದಲ ವರ್ಷ ಮುಚ್ಚಳ, ಸಿಮೆಂಟು, ಜಲ್ಲಿ ಅಂತ ನಮ್ಮದೇ ಖರ್ಚೂ ಸೇರಿತು. ಹೆಡ್‌ಮಿಸ್ ಲೆಕ್ಕದ ಪುಸ್ತಕ ಎರಡು ಸಲ ತಿರುವಿ ಹಾಕಿ, ಇನ್ನೊಂದು ವರ್ಷಕ್ಕೆ ಸಹಿ ಹಾಕಿದ್ದಾರೆ. ಈ ಸಲ ಒಪ್ಪಂದದಲ್ಲಿ ಎರಡು ಸಾಲು ನಾನೇ ಸೇರಿಸಿದೆ. ಕಡಜಕ್ಕೆ ಕರೆದರೆ 24 ಗಂಟೆಯೊಳಗೆ ಬರಬೇಕು. ಹೊಸಬರನ್ನು ಕಳಿಸುವುದಾದರೆ ಮೊದಲ ಸಲ ಹಳಬರು ಜೊತೆಗೆ ಬರಬೇಕು.

ನಿನ್ನೆ ಮೈದಾನ ಸುತ್ತು ಹೊಡೆದೆ. ಟೈರು ಒಣಗಿದ್ದವು. ಪೆಟ್ಟಿಗೆಗಳಿಗೆ ಬೀಗ ಇತ್ತು. ಗೋಲ್ ಪೋಸ್ಟಿನ ಮುಚ್ಚಳ ಮಾತ್ರ ಎರಡು ಮಾಯ. ಹುಡುಕಿದರೆ ಐದನೇ ತರಗತಿಯವರು ಅದನ್ನೇ ಬುಗುರಿ ಮಾಡಿಕೊಂಡು ಆಡುತ್ತಿದ್ದರು. ಮುಂದಿನ ಭೇಟಿಗೆ ಒಂದು ಡಜನ್ ತನ್ನಿ ಅಂತ ಹೇಳಿದ್ದೇನೆ.